ಕೆರೆಯ ಬಾಯಲ್ಲಿ ಒಂದು ಜೊಂಡಿನ ಹಾಸು

ಶುದ್ಧ ಮಾಡಲೆಂದು ನಾವು ಕಟ್ಟಿದ ಹಾಸಿನಿಂದ ಹೊರಬರುತ್ತಿದ್ದ ನೀರು, ಒಳಗೆ ಹೋಗುತ್ತಿದ್ದ ನೀರಿಗಿಂತ ಕೆಟ್ಟಿತ್ತು. ಪ್ರಯೋಗಾಲಯದಿಂದ ಫಲಿತಾಂಶ ಬಂದ ದಿನ, ಬಾಟಲಿಗಳ ಚೀಟಿ ಅದಲುಬದಲಾಗಿರಬೇಕು ಎಂದುಕೊಂಡೆ. ಅದಕ್ಕಿಂತ ಸರಳವಾದ ಕಾರಣ ನನಗೆ ಹೊಳೆಯಲಿಲ್ಲ.

ವೈಟ್‌ಫೀಲ್ಡ್ ದಾಟಿದ ಮೇಲೆ ಇರುವ ಒಂದು ಕೆರೆಯ ವಿಷಯ ಇದು. ಹೆಸರು ಬೇಡ. ಕೆರೆಯ ದಂಡೆಗೆ ಅಂಟಿಕೊಂಡಂತೆ ದೊಡ್ಡದೊಂದು ಅಪಾರ್ಟ್‌ಮೆಂಟ್ ಸಮುಚ್ಚಯ ಎದ್ದಿತ್ತು. ಮೊದಲ ಹಂತದ ಟವರ್‌ಗಳಲ್ಲಿ ಜನ ಬಂದು ವಾಸವಾಗಿದ್ದರು. ಎರಡನೆಯ ಹಂತದವು ಹಸಿರು ಪರದೆ ಹೊದ್ದು ನಿಂತಿದ್ದವು. ಮನೆಗಳ ಕೊಳಚೆಯೆಲ್ಲ ನೆಲಮಾಳಿಗೆಯ ಎಸ್‌ಟಿಪಿಗೆ, ಎಂದರೆ ಕೊಳಚೆ ಶುದ್ಧೀಕರಣ ಘಟಕಕ್ಕೆ, ಹೋಗುತ್ತದೆ. ಅಲ್ಲಿ ಅದಕ್ಕೆ ಗಾಳಿ ಊದುತ್ತಾರೆ, ಕೆಸರನ್ನು ತಳಕ್ಕೆ ಕೂರಿಸುತ್ತಾರೆ, ಮರಳಿನಲ್ಲಿ ಸೋಸುತ್ತಾರೆ. ಹೊರಬರುವ ನೀರು ತಿಳಿಯಾಗಿರುತ್ತದೆ. ಗಾಜಿನ ಲೋಟದಲ್ಲಿ ಹಿಡಿದು ತೋರಿಸಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಆದರೆ ಮಲಮೂತ್ರದಿಂದ, ಬಟ್ಟೆ ಪಾತ್ರೆ ತೊಳೆಯುವ ಪುಡಿಗಳಿಂದ ಬಂದ ಸಾರಜನಕ ಮತ್ತು ರಂಜಕದ ದೊಡ್ಡ ಪಾಲು ಆ ತಿಳಿನೀರಿನಲ್ಲೇ ಕರಗಿ ಉಳಿದಿರುತ್ತದೆ. ಹೊಲಕ್ಕೆ ಬಿಟ್ಟರೆ ಅದು ಗೊಬ್ಬರ. ಕೆರೆಗೆ ಬಿಟ್ಟರೂ ಗೊಬ್ಬರವೇ, ಆದರೆ ತಿನ್ನುವುದು ಪಾಚಿ ಮತ್ತು ಅಂತರಗಂಗೆ. ಕೆರೆ ಹಸಿರು ಗಂಜಿಯಾಗುತ್ತದೆ. ಕೋಡಿ ಹರಿದಾಗ ಆ ಗಂಜಿ ಮುಂದಿನ ಕೆರೆಗೆ ಇಳಿಯುತ್ತದೆ, ಅಲ್ಲಿಂದ ಇನ್ನೊಂದಕ್ಕೆ, ಕೊನೆಗೆ ದಕ್ಷಿಣ ಪಿನಾಕಿನಿಗೆ.

ಇದನ್ನು ತಡೆಯಲೆಂದೇ ಅಧಿಕಾರಿಗಳು ಬಿಲ್ಡರ್‌ಗೆ ಒಂದು ಷರತ್ತು ಹಾಕಿದ್ದರು. ಎಸ್‌ಟಿಪಿಯ ನೀರು ಕೆರೆ ಸೇರುವ ಮುನ್ನ ಜೊಂಡಿನ ಹಾಸೊಂದರ ಮೂಲಕ ಹಾಯಬೇಕು. ಆ ಹಾಸು ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಪರೀಕ್ಷೆ ಮಾಡಿ ತೋರಿಸಿದ ಮೇಲಷ್ಟೇ ಎರಡನೆಯ ಹಂತಕ್ಕೆ ಜನ ಬರಬಹುದು. ಹಾಸಿನ ನಕ್ಷೆ ಮಾಡಿದವಳು ನಾನು. ಕೆಲಸ ಮಾಡುತ್ತಿದೆ ಎಂದು ಬರೆದುಕೊಡಬೇಕಾದವಳೂ ನಾನೇ.

ಹಾಸು ಎಂದರೆ ಇಷ್ಟೇ. ತಗ್ಗು ತೋಡಿ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಜಲ್ಲಿ ತುಂಬಿ, ಜಲ್ಲಿಯಲ್ಲಿ ಜೊಂಡು ಮತ್ತು ಕ್ಯಾನಾ ನೆಡುವುದು. ಕ್ಯಾನಾ ಎಂದರೆ ಬಾಳೆಯಂಥ ಎಲೆ, ಕೆಂಪು ಹಳದಿ ಹೂ ಬಿಡುವ ಗಿಡ. ಪಾರ್ಕುಗಳಲ್ಲಿ ಎಲ್ಲರೂ ನೋಡಿರುತ್ತಾರೆ. ನೀರು ಜಲ್ಲಿಯ ಒಳಗೇ, ಮೇಲೆ ಕಾಣದಂತೆ, ನಿಧಾನವಾಗಿ ಸಾಗುತ್ತದೆ. ಬೇರುಗಳು ಸಾರಜನಕ ರಂಜಕವನ್ನು ಹೀರುತ್ತವೆ, ಜಲ್ಲಿಗೆ ಅಂಟಿದ ಸೂಕ್ಷ್ಮಜೀವಿಗಳು ಇನ್ನಷ್ಟು ತೆಗೆಯುತ್ತವೆ. ಬೆಳೆದ ಸೊಪ್ಪನ್ನು ಆಗಾಗ ಕೊಯ್ದು ಹೊರಗೆ ಸಾಗಿಸಬೇಕು. ಹಾಸಿನ ತಲೆಯಲ್ಲಿ ಕಾಂಕ್ರೀಟ್ ಚೇಂಬರ್, ಅದರೊಳಗೆ ಎರಡು ವಾಲ್ವ್. ಒಂದು ನೀರನ್ನು ಹಾಸಿಗೆ ಬಿಡುತ್ತದೆ. ಇನ್ನೊಂದು ಬೈಪಾಸ್: ನೀರನ್ನು ಹಾಸಿಗೆ ತಾಗಿಸದೆ ನೇರ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಬಿಡುವಂಥದ್ದು. ಜಲ್ಲಿ ತೊಳೆಯಬೇಕಾದ ದಿನ ಬಿಟ್ಟರೆ ಅದನ್ನು ಮುಟ್ಟುವಂತಿಲ್ಲ. ಚೇಂಬರಿನ ಮುಚ್ಚಳಕ್ಕೆ ಬೀಗ ಇತ್ತು. ಬೀಗದ ಕೈ ಬಿಲ್ಡರ್ ಕಡೆಯ ಫೆಸಿಲಿಟಿ ಮ್ಯಾನೇಜರ್ ಹತ್ತಿರ ಇತ್ತು.

ಎರಡನೆಯ ಸಲ ಮಾದರಿ ತೆಗೆಯಲು ಹೋದಾಗ ಚೀಟಿಗಳನ್ನು ನಾನೇ ಬರೆದು, ನಾನೇ ಅಂಟಿಸಿದೆ. ಒಳಬರುವ ನೀರನ್ನು ಚೇಂಬರಿನ ಪಕ್ಕದ ನಲ್ಲಿಯಿಂದ, ಹೊರಹೋಗುವ ನೀರನ್ನು ಹಾಸಿನ ಕೊನೆಯ ಪೈಪಿನಿಂದ ಹಿಡಿದೆ. ಕೊನೆಯ ಪೈಪಿನಲ್ಲಿ ಬರುತ್ತಿದ್ದದ್ದು ಬೆರಳು ದಪ್ಪದ ಧಾರೆ. ಬಾಟಲಿ ತುಂಬಲು ಕಾಯಬೇಕಾಯಿತು. ಅಲ್ಲಿಂದಲೇ ಮ್ಯಾನೇಜರ್‌ಗೆ ಫೋನ್ ಮಾಡಿ, ನೀರು ಇಷ್ಟು ಕಡಿಮೆ ಯಾಕೆ ಎಂದು ಕೇಳಿದೆ.

"ಫ್ಲಶ್‌ಗೆ ಹೋಗ್ತಿದೆ ಮೇಡಂ, ಗಾರ್ಡನ್‌ಗೆ ಹೋಗ್ತಿದೆ. ಮಿಕ್ಕಿದ್ದು ತಾನೆ ನಿಮ್ಮ ಜೊಂಡಿಗೆ? ಕಮ್ಮಿ ಬಂದ್ರೆ ಒಳ್ಳೇದೇ ಅಲ್ವಾ?"

ಅದೇನೂ ಸುಳ್ಳಿನಂತೆ ಕೇಳಿಸಲಿಲ್ಲ. ಶುದ್ಧೀಕರಿಸಿದ ನೀರನ್ನು ಕಮೋಡಿಗೂ ಗಿಡಗಳಿಗೂ ಬಳಸಬೇಕೆಂಬುದೇ ನಿಯಮ.

ಕೆರೆಯ ಮೀನಿನ ಗುತ್ತಿಗೆ ಹಿಡಿದಿದ್ದ ಹೆಂಗಸು ಆಗ ತೆಪ್ಪವನ್ನು ದಡಕ್ಕೆ ತಂದು ಕಟ್ಟುತ್ತಿದ್ದಳು. ಪಕ್ಕದ ಹಳೆಯ ಹಳ್ಳಿಯವಳು. ಅಪ್ಪನ ಕಾಲದಿಂದಲೂ ಅವರದು ಇದೇ ಕೆರೆ. ಮಳೆ ಹಿಡಿದ ಮೇಲೆ ಕಾಟ್ಲಾ, ರೋಹು ಮರಿಗಳನ್ನು ತಂದು ಬಿಟ್ಟು, ಬೇಸಿಗೆಯ ಕೊನೆಗೆ ಅಣ್ಣಂದಿರ ಜೊತೆ ಸೇರಿ ಬಲೆ ಹಾಕುತ್ತಿದ್ದಳು. ನನ್ನನ್ನು ಕಂಡರೆ ಅವಳಿಗೆ ತಮಾಷೆ.

"ಯೋನ್ ಮೇಡಂ, ಎಂಗೈತೆ ನಿಮ್ ಊವಿನ ತೋಟ?"

"ಎಲೆ ಹಳದಿ ಆಗ್ತಿದೆಯಲ್ಲಾ, ಯಾಕೆ ಅಂತ ನೋಡ್ತಿದೀನಿ."

"ಕಕ್ಕಸ್ ನೀರು ಕುಡ್ದೂ ಗಿಡ ಅಳದಿ ಆಯ್ತದಾ? ನಮ್ ಕೆರೆ ನೋಡ್ರಲ್ಲಾ, ಕುಡ್ದು ಕುಡ್ದು ಎಂಗ್ ಅಸ್ರಾಗ್ ಕುಂತೈತೆ!"

ಇಬ್ಬರೂ ನಕ್ಕೆವು. ಬಾಟಲಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟೆ. ಫಲಿತಾಂಶ ಮತ್ತೆ ಅದೇ ಬಂತು. ಒಳಗೆ ಹೋಗುವ ನೀರಿಗಿಂತ ಹೊರಬರುವುದರಲ್ಲಿ ರಂಜಕ ಬಹಳ ಹೆಚ್ಚು. ಅಮೋನಿಯಾ ಕೂಡ ಹೆಚ್ಚು.

ಆ ವಾರದ ಕೊನೆಗೆ ಎರಡನೆಯ ಹಂತದ ಮಾದರಿ ಮನೆಯ ಉದ್ಘಾಟನೆ ನಡೆಯಿತು. ಬಲೂನು, ಮೈಕು, ಕೊಳ್ಳುವವರ ಕಾರುಗಳ ಸಾಲು. ಅದಾದ ಮೇಲೆ ಜೋರು ಮಳೆ ಬಂತು. ಮುಂಗಾರಿಗೆ ಮೊದಲು ಬರುವ, ಗುಡುಗು ಗಾಳಿಯ ಮಳೆ. ಆಮೇಲೆ ಬಿಸಿಲೇ ಇಲ್ಲದೆ, ಎಲೆ ಅಲುಗದಂತೆ ಮೋಡ ಕವಿದು ನಿಂತಿತು. ಹಾಗಿದ್ದ ಒಂದು ಬೆಳಿಗ್ಗೆ ಆ ಹೆಂಗಸು ಫೋನ್ ಮಾಡಿದಳು. ನಮಸ್ಕಾರ ಇಲ್ಲ, ತಮಾಷೆ ಇಲ್ಲ.

"ಬಂದು ನೋಡೋಗಿ."

ನಾನು ಹೋಗಿ ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಕೆರೆಯ ನೀರು ಬಟಾಣಿ ಸಾರಿನ ಹಾಗಿತ್ತು. ದಡದುದ್ದಕ್ಕೂ ಸಣ್ಣ ಮೀನುಗಳು ಬೆಳ್ಳಗೆ ಒತ್ತಿಕೊಂಡು ಬಿದ್ದಿದ್ದವು. ಸ್ವಲ್ಪ ಒಳಗೆ ದೊಡ್ಡ ಕಾಟ್ಲಾಗಳು ಇನ್ನೂ ಬದುಕಿದ್ದವು. ಬಾಯನ್ನು ನೀರಿನಿಂದ ಮೇಲೆತ್ತಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು, ತೆರೆಯುತ್ತಿದ್ದವು. ನೀರಿನ ಮೇಲೆಲ್ಲ ಬಾಯಿಗಳು. ಒಂದೊಂದಾಗಿ ಮಗ್ಗುಲಾಗುತ್ತಿದ್ದವು. ಅವಳ ಅಣ್ಣಂದಿರು ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಅಂಗೈಯಿಂದ ನೀರು ಬಡಿಯುತ್ತಿದ್ದರು. ಬಡಿದರೆ ನೀರಿಗೆ ಗಾಳಿ ಸೇರುತ್ತದಲ್ಲ, ಅದಕ್ಕೆ. ಅಷ್ಟು ದೊಡ್ಡ ಕೆರೆ, ಅವರ ನಾಲ್ಕು ಕೈ.

ಕರಗಿದ ಆಮ್ಲಜನಕ ಅಳೆಯುವ ಮೀಟರನ್ನು ಇಳಿಬಿಟ್ಟೆ. ಮುಳ್ಳು ಏಳಲೇ ಇಲ್ಲ. ಮೀಟರ್ ಕೆಟ್ಟಿರಬಹುದೆಂದು ತೊಳೆದು, ಬಾಟಲಿಯ ಕುಡಿಯುವ ನೀರಿನಲ್ಲಿ ಅದ್ದಿದೆ. ಸರಿಯಾಗಿ ತೋರಿಸಿತು. ಮತ್ತೆ ಕೆರೆಗೆ ಬಿಟ್ಟೆ. ಏಳಲಿಲ್ಲ. ಹದಿನೆಂಟು ವರ್ಷದ ಕೆಲಸದಲ್ಲಿ ಸತ್ತ ಮೀನುಗಳನ್ನು ನೋಡಿದ್ದೇನೆ. ಸಾಯುವುದನ್ನು ನಿಂತು ನೋಡಿದ್ದು ಅದೇ ಮೊದಲು.

ಅವಳು ದಡದ ಕಲ್ಲಿನ ಮೇಲೆ ಕೂತಿದ್ದಳು.

"ಬರೋ ವಾರ ಬಲೆ ಆಕೋರಿದ್ವಿ."

ನಾನು ಮೀಟರನ್ನು ಒರೆಸಿ ಪೆಟ್ಟಿಗೆಗೆ ಹಾಕಿದೆ.

"ಓಗಿದ್ದು ಓಯ್ತು. ಮಳೆ ಇಡ್ದ್ ಮ್ಯಾಕೆ ಮರಿ ತಂದ್ ಬಿಡ್ಬೇಕಾ ಬ್ಯಾಡ್ವಾ, ಅದೊಂದ್ ಯೋಳಿ ನಮ್ಗೆ. ನೀವು ಓದ್ದೋರು. ಸುಳ್ ಯೋಳ್ಬ್ಯಾಡಿ ಮತ್ತೆ."

ಹೇಳುತ್ತೇನೆ ಎಂದೆ. ಯಾವಾಗ ಎಂದು ಅವಳು ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಾಸಿನ ಬಳಿ ಬಂದೆ. ತೋಟದ ಕೆಲಸದವರು ನೆರಳಲ್ಲಿ ಊಟಕ್ಕೆ ಕೂತಿದ್ದರು. ನನ್ನ ಮುಖ ನೋಡಿ ಅವರ ಮೇಸ್ತ್ರಿ ಎದ್ದು, ಮಡಚಿದ ಖಾಲಿ ಚೀಲವೊಂದನ್ನು ಜಲ್ಲಿಯ ಕಟ್ಟೆಯ ಮೇಲೆ ಹಾಸಿದ.

"ಕೂತ್ಕೊಳಿ ಮೇಡಂ. ನೀರು ಕುಡೀರಿ."

ಕೂರುವ ಮುಂಚೆ ಚೀಲದ ಮೇಲಿನ ಅಕ್ಷರ ಕಣ್ಣಿಗೆ ಬಿತ್ತು. ಡಿಎಪಿ. ಎಂದರೆ ಸಾರಜನಕ ಮತ್ತು ರಂಜಕ, ಹರಳು ರೂಪದಲ್ಲಿ.

"ಇದು ಎಲ್ಲಿಗೆ ಹಾಕಿದ್ದು?"

"ಇಲ್ಲಿಗೇ ಮೇಡಂ. ಈ ಬೆಡ್‌ಗೇ."

ನಾನು ನೋಡುತ್ತಲೇ ಇದ್ದೆ. ಅವನು ಅದನ್ನು ಮೆಚ್ಚುಗೆ ಎಂದುಕೊಂಡ.

"ತಿಂಗಳಿಗೊಂದ್ಸಲ ಹಾಕ್ತೀವಿ. ಹೋದ್ ವಾರ ಲಾಂಚ್ ಇತ್ತಲ್ಲಾ, ಎಲೆಯೆಲ್ಲಾ ಹಳದಿ ಹೊಡ್ದಿತ್ತು, ಮ್ಯಾನೇಜರ್ ಸಾರ್ ಎಲ್ರ ಎದ್ರಿಗೇ ಬೈದ್ಬಿಟ್ರು. ಅದಕ್ಕೆ ಯೂರಿಯಾನೂ ಬೆರೆಸಿ ಚೆನ್ನಾಗೇ ಹಾಕ್ಸಿದೀನಿ. ನೋಡ್ತಿರಿ, ಇನ್ ಸ್ವಲ್ಪ ದಿನಕ್ಕೆ ಹೆಂಗೆ ಬರುತ್ತೆ ಅಂತ."

ಕಟ್ಟೆಯಿಂದ ಬಗ್ಗಿ ಜಲ್ಲಿಯನ್ನು ಕೈಯಿಂದ ಸರಿಸಿದೆ. ಕಲ್ಲುಗಳ ಸಂದಿಯಲ್ಲಿ ಅರೆ ಕರಗಿದ ಬೂದು ಹರಳುಗಳಿದ್ದವು. ರಂಜಕವನ್ನು ತೆಗೆಯಲೆಂದು ಕಟ್ಟಿದ ಹಾಸಿಗೆ ತಿಂಗಳು ತಿಂಗಳೂ ಅಂಗಡಿಯಿಂದ ರಂಜಕ ತಂದು ಸುರಿದಿದ್ದರು. ನನಗೆ ನಗು ಬಂತು. ಆ ನಗು ನನಗೇ ಹಿಡಿಸಲಿಲ್ಲ. ಮೇಸ್ತ್ರಿ ಗಾಬರಿಯಾಗಿ, "ಯಾಕ್ ಮೇಡಂ, ಜಾಸ್ತಿ ಆಯ್ತಾ?" ಎಂದ.

ಅಲ್ಲೇ ಕೂತು ವಿಚಾರಿಸಿದೆ. ಕಟ್ಟಡದ ನಕ್ಷೆಯಲ್ಲಿ ಇಷ್ಟು ಜಾಗ ಹಸಿರಿರಬೇಕು ಎಂಬ ನಿಯಮವಿದೆ. ಬಿಲ್ಡರ್ ಈ ಹಾಸನ್ನೂ ಆ ಹಸಿರಿನ ಲೆಕ್ಕಕ್ಕೆ ಸೇರಿಸಿದ್ದ. ಹಸಿರು ಎಂದ ಮೇಲೆ ಅದು ತೋಟದ ಗುತ್ತಿಗೆಗೆ ಬಂತು. ಗುತ್ತಿಗೆಯಲ್ಲಿ ಎಲ್ಲ ಪಾತಿಗಳಿಗೂ ಪ್ರತಿ ತಿಂಗಳು ಗೊಬ್ಬರ ಎಂದಿತ್ತು. ಮೇಸ್ತ್ರಿ ತನ್ನ ಕೆಲಸವನ್ನು ಒಂದು ತಿಂಗಳೂ ತಪ್ಪಿಸದೆ ಮಾಡಿದ್ದ. ಅದು ಕೊಳಚೆ ನೀರು ತಿನ್ನುವ ಹಾಸು ಎಂದು ಅವನಿಗೆ ಒಬ್ಬರೂ ಹೇಳಿರಲಿಲ್ಲ. ಹೇಳಿದ್ದರೆ ಬಹುಶಃ ಆ ಕಟ್ಟೆಯ ಮೇಲೆ ಕೂತು ಊಟವನ್ನೂ ಮಾಡುತ್ತಿರಲಿಲ್ಲ.

ಹೊರಬರುವ ನೀರು ಯಾಕೆ ಕೆಟ್ಟಿತ್ತು ಎಂಬುದಕ್ಕೆ ಉತ್ತರ ಸಿಕ್ಕಿತ್ತು. ಆದರೆ ಅದು ಅರ್ಧ ಉತ್ತರ. ಚೀಲವನ್ನು ಕಾರಿನಲ್ಲಿ ಹಾಕಿಕೊಂಡು ಹೊರಟವಳು ಗೇಟಿನ ಹತ್ತಿರ ನಿಲ್ಲಿಸಿದೆ. ಎಲೆ ಹಳದಿಯಾದದ್ದರಿಂದ ಹೆಚ್ಚು ಗೊಬ್ಬರ ಹಾಕಿದರು, ಸರಿ. ಎಲೆ ಹಳದಿಯಾದದ್ದು ಯಾಕೆ? ಅಷ್ಟು ಮನೆಗಳ ನೀರು ಹರಿಯುವ ಹಾಸಿನಲ್ಲಿ ಕ್ಯಾನಾ ಆಳೆತ್ತರ ಬೆಳೆದು ಕಾಡಾಗಬೇಕು. ಕೊಯ್ದು ಕೊಯ್ದು ಸಾಕಾಗಬೇಕು. ಇಲ್ಲಿ ಗಿಡಗಳು ಉಪವಾಸ ಇದ್ದವು. ತಿಂಗಳುಗಟ್ಟಲೆ, ನನ್ನ ಕಣ್ಣೆದುರಿಗೇ. ಮೀನಿನ ಹೆಂಗಸು ತಮಾಷೆಗೆ ಕೇಳಿದ ಮಾತು ಆಗ ನೆನಪಾಗಿ, ಕಾರನ್ನು ತಿರುಗಿಸಿ ನೆಲಮಾಳಿಗೆಗೆ ಇಳಿದೆ.

ಎಸ್‌ಟಿಪಿ ನಡೆಸುವ ಆಪರೇಟರ್ ಯಾದಗಿರಿ ಕಡೆಯವನು. ನೆಲಮಾಳಿಗೆಯ ಬ್ಲೋವರ್‌ಗಳ ಸದ್ದಿನ ನಡುವೆ ಹಗಲೆಲ್ಲ ಇರುವುದರಿಂದ ಜೋರಾಗಿ ಮಾತಾಡುವುದು ಅವನಿಗೆ ಅಭ್ಯಾಸ. ಅಂದು ಮೆಲ್ಲಗೆ ಮಾತಾಡಿದ.

"ಫ್ಲಶ್‌ಗೆ ಎಷ್ಟು ನೀರು ಹೋಗುತ್ತೆ?"

"ಫ್ಲಶ್ಶಿಗೆ ಬೋರ್ ನೀರ ಬಿಡ್ತೇವ್ರಿ ಮೇಡಂ. ಕಮೋಡ್ ಹಳದಿ ಆಗ್ತಾವಂತ ಮನಿಯವ್ರು ಜಗಳ ತಗದಿದ್ರು."

"ಹಾಗಾದ್ರೆ ಈ ನೀರೆಲ್ಲಾ ಎಲ್ಲಿಗೆ ಹೋಗ್ತಿದೆ?"

ಅವನು ಸಂಪಿನ ಕಡೆ ನೋಡಿದ, ಬಾಗಿಲ ಕಡೆ ನೋಡಿದ. "ನನ್ನ ಕೇಳಬ್ಯಾಡ್ರಿ ಮೇಡಂ. ಮಕ್ಕಳ ಸಾಲಿ ಇಲ್ಲೇ ಐತ್ರಿ, ಈ ನೌಕ್ರಿ ಬೇಕ್ರಿ."

ಮತ್ತೆ ಕೇಳಲಿಲ್ಲ. ಪೈಪು ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಬಳಸುವ ಕೆಂಪು ಬಣ್ಣ ನನ್ನ ಪೆಟ್ಟಿಗೆಯಲ್ಲಿ ಯಾವಾಗಲೂ ಇರುತ್ತದೆ. ಕೆರೆಯ ಕಡೆಗೆ ನೀರು ತಳ್ಳುವ ಸಂಪಿಗೆ ಅದನ್ನು ಸುರಿದೆ. ಅವನು ತಡೆಯಲಿಲ್ಲ. ಪಂಪು ಹಾಕು ಎಂದಾಗ ಹಾಕಿದ.

ಮೇಲೆ ಬಂದು ಹಾಸಿನ ಕೊನೆಯ ಪೈಪಿನ ಹತ್ತಿರ ನಿಂತೆ. ಬಣ್ಣ ಜಲ್ಲಿ ದಾಟಿ ಬರಲು ದಿನವಿಡೀ ಹಿಡಿಯುತ್ತದೆ ಎಂದು ಗೊತ್ತು, ಆದರೂ ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಆಮೇಲೆ ರಾಜಕಾಲುವೆಯ ದಂಡೆಗೆ ನಡೆದೆ. ಚಪ್ಪಡಿಯ ಕೆಳಗಿನಿಂದ, ಯಾರಿಗೂ ಕಾಣದ ಜಾಗದಿಂದ, ತೊಡೆ ದಪ್ಪದ ನೀರು ಕಾಲುವೆಗೆ ಬೀಳುತ್ತಿತ್ತು. ನೋಡುತ್ತಿದ್ದ ಹಾಗೇ ಅದು ಗುಲಾಬಿಯಾಯಿತು, ಮತ್ತೆ ಕೆಂಪಾಯಿತು. ಕೆಂಪು ನಾಲಿಗೆ ಕಾಲುವೆಗುಂಟ ಹೋಗಿ ಸತ್ತ ಮೀನುಗಳ ನಡುವೆ ಕೆರೆಯೊಳಗೆ ಚಾಚಿತು.

ಸತ್ತ ಮೀನನ್ನು ಬುಟ್ಟಿಗೆ ತುಂಬುತ್ತಿದ್ದ ಹೆಂಗಸು ತಲೆಯೆತ್ತಿದಳು. "ಯೋನ್ ಮೇಡಂ, ಸಾವಿನ್ ಮನೇಲಿ ಓಳಿ ಆಡ್ತಿದೀರಾ?"

ಅದು ಯಾವ ನೀರು, ಎಲ್ಲಿಂದ ಬರುತ್ತಿದೆ ಎಂದು ಅವಳಿಗೆ ವಿವರಿಸಿ ಹೇಳಿದೆ. ಬುಟ್ಟಿಯನ್ನು ಕೆಳಗಿಟ್ಟು ಕೇಳಿದಳು. ಕೇಳಿ ಮುಗಿದ ಮೇಲೆ ಟವರ್‌ಗಳ ಕಡೆಗೆ ಮುಖ ಮಾಡಿ ಒಂದು ಮಾತು ಬೈದಳು. ಅದನ್ನು ಇಲ್ಲಿ ಬರೆಯಲಾರೆ, ಆದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಕೆಂಪು ನೀರಿನ ವಿಡಿಯೊ ತೆಗೆದೆ, ಬೈಪಾಸಿನ ಬಾಯಿಂದ ಮಾದರಿ ಹಿಡಿದೆ.

ಸಭೆ ನಡೆದದ್ದು ಬಿಲ್ಡರ್‌ನ ಮಾರಾಟ ಕಚೇರಿಯಲ್ಲಿ. ಮೇಜಿನ ನಡುವೆ ಸಮುಚ್ಚಯದ ಪುಟ್ಟ ಮಾದರಿ ಇತ್ತು. ಪ್ಲಾಸ್ಟಿಕ್ ಟವರ್‌ಗಳು, ಪ್ಲಾಸ್ಟಿಕ್ ಮರಗಳು, ನೀಲಿ ಗಾಜಿನ ಕೆರೆ. ಮ್ಯಾನೇಜರ್ ಇದ್ದ. ನಿವಾಸಿಗಳ ಸಂಘದ ಕಾರ್ಯದರ್ಶಿ ಇದ್ದರು. ಸಾರ್ವಜನಿಕ ವಲಯದ ಕಾರ್ಖಾನೆಯೊಂದರಿಂದ ನಿವೃತ್ತರಾದವರು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. ನಾನು ಡಿಎಪಿ ಚೀಲವನ್ನು ಮೇಜಿನ ಮೇಲಿಟ್ಟೆ.

ಮ್ಯಾನೇಜರ್ ಅದನ್ನು ನೋಡಿ ಹಗುರಾದ. ಅದು ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಂಡಿತು. ಅವನ ಭುಜಗಳು ಕೆಳಗಿಳಿದವು.

"ಗೊತ್ತಾಯ್ತು ಮೇಡಂ, ಕೇಳ್ದೆ. ತೋಟದ ಕಾಂಟ್ರಾಕ್ಟರ್‌ನ ಬೆಳಿಗ್ಗೇನೇ ತೆಗ್ದು ಹಾಕ್ಬಿಟ್ವಿ, ಮೇಸ್ತ್ರಿ ಸಮೇತ. ಎಂಥಾ ಜನ ನೋಡಿ! ನೀವು ರಿಪೋರ್ಟಲ್ಲಿ ಅದನ್ನೇ ಹಾಕಿ. ಗೊಬ್ಬರದಿಂದ ಮೀನು ಸತ್ತಿದೆ, ಕಾರಣ ಪತ್ತೆಯಾಗಿದೆ, ಸರಿಪಡಿಸಲಾಗಿದೆ. ಮುಗೀತು. ಹಾಸು ಚೆನ್ನಾಗಿದೆ ಅಂತ ಇನ್ನೊಂದ್ ಸಾಲು."

ಫೋನಿನ ವಿಡಿಯೊ ತೆರೆದು ಅವರ ಮುಂದೆ ಹಿಡಿದೆ. ಪುಟ್ಟ ನೀಲಿ ಕೆರೆಯ ಮೇಲೆ ಕೆಂಪು ನೀರು ಓಡಿತು. ಕಾರ್ಯದರ್ಶಿ ಕನ್ನಡಕ ಹಾಕಿಕೊಂಡು ಎರಡನೆಯ ಸಲ ನೋಡಿದರು.

"ಬೈಪಾಸ್ ಯಾವಾಗಿಂದ ತೆರೆದಿದೆ?" ಎಂದು ಮ್ಯಾನೇಜರನ್ನು ಕೇಳಿದೆ.

"ಕೆರೆ ಕಡೆ ಬ್ಲಾಕ್‌ನೋರು ವಾಸನೆ ವಾಸನೆ ಅಂತ ತಲೆ ತಿಂದ್ರು ಮೇಡಂ. ಸಂಜೆ ವಾಕಿಂಗ್ ಮಾಡಕ್ಕಾಗಲ್ಲ, ಸೊಳ್ಳೆ, ಅದೂ ಇದೂ. ಸ್ವಲ್ಪ ತಿರುಗಿಸಿದ್ವಿ. ಪೂರ್ತಿ ಅಲ್ಲ. ಹಾಸಿಗೂ ಬಿಟ್ಟಿದ್ವಲ್ಲಾ?"

"ಬೆರಳಿನಷ್ಟು ಬಿಟ್ಟಿದ್ರಿ. ತೋರ್ಸೋದಕ್ಕೆ."

ಕಾರ್ಯದರ್ಶಿ ಕೆಮ್ಮಿದರು. "ವಾಸನೆ ಬರ್ತಿದೆ ಅಂತ ದೂರು ಕೊಟ್ಟಿದ್ದು ನಾವೇ ಕಣಮ್ಮ, ಅದು ನಿಜ. ಆದ್ರೆ ಕೆರೆಗೆ ಬಿಡಿ ಅಂತ ಹೇಳಿರ್ಲಿಲ್ಲ."

"ಹಾಗಾದ್ರೆ ಎಲ್ಲಿಗೆ ಹೋಗುತ್ತೆ ಅಂದ್ಕೊಂಡ್ರಿ ಸಾರ್?"

ಅವರು ಮೇಜಿನ ಮೇಲಿನ ಪುಟ್ಟ ಟವರ್‌ಗಳನ್ನು ನೋಡುತ್ತ ಕೂತರು. "ಯೋಚ್ನೆ ಮಾಡ್ಲಿಲ್ಲ," ಎಂದರು.

ಅವರ ಮೇಲೆ ನನಗೆ ಬಂದ ಕೋಪ ಮ್ಯಾನೇಜರ್ ಮೇಲೆ ಬಂದದ್ದಕ್ಕಿಂತ ಕಡಿಮೆಯಲ್ಲ. ಕಮೋಡು ಬೆಳ್ಳಗಿರಬೇಕು, ಸಂಜೆಯ ಗಾಳಿ ಮಲ್ಲಿಗೆಯಂತಿರಬೇಕು, ಕಿಟಕಿಯಿಂದ ಕೆರೆ ಕಾಣಬೇಕು. ಫ್ಲಶ್ ಬಟನ್ ಒತ್ತಿದ ಮೇಲೆ ಹೋದದ್ದು ತಮ್ಮದಲ್ಲ. ಆ ಕೆರೆ ಯಾರದೋ ಅಡುಗೆ ಮನೆಯ ಒಲೆ ಎಂಬುದು ಆ ಕಿಟಕಿಗಳಿಂದ ಕಾಣುವುದಿಲ್ಲ. ಆದರೂ ಒಂದು ಮಾತು ಹೇಳಬೇಕು: ಯೋಚನೆ ಮಾಡಲಿಲ್ಲ ಎಂದು ಬಾಯಿಬಿಟ್ಟು ಒಪ್ಪಿಕೊಂಡವರು ಆ ಕೋಣೆಯಲ್ಲಿ ಅವರೊಬ್ಬರೇ.

ಮನೆಗೆ ಬಂದು ವರದಿ ಬರೆಯಲು ಕೂತಾಗ ಕಷ್ಟ ಗೊತ್ತಾಯಿತು. ಗೊಬ್ಬರದ ಕಥೆ ಎಲ್ಲರಿಗೂ ಅನುಕೂಲವಾಗಿತ್ತು. ಕೇಳಿದವರು ತಲೆ ಚಚ್ಚಿಕೊಂಡು ನಗುವಂಥ ತಪ್ಪು. ಮಾಡಿದವನು ಗುತ್ತಿಗೆಯವನು, ಅವನನ್ನು ತೆಗೆದೂ ಆಗಿದೆ. ಮತ್ತು ಅದು ಸುಳ್ಳೂ ಅಲ್ಲ. ಹಾಗೆ ಬರೆದರೆ ನನ್ನ ಸಣ್ಣ ಕಚೇರಿಗೆ ಬಿಲ್ಡರ್‌ನ ಮುಂದಿನ ಕೆಲಸವೂ ಸಿಗುತ್ತಿತ್ತು.

ಆದರೆ ಲೆಕ್ಕ ಹಾಕಿ ನೋಡಿದೆ. ಆ ಚೀಲಗಳಲ್ಲಿದ್ದ ರಂಜಕ, ಬೈಪಾಸಿನಲ್ಲಿ ತಿಂಗಳುಗಟ್ಟಲೆ ಹರಿದದ್ದರ ಮುಂದೆ ಒಂದು ಚಿಟಿಕೆ. ಮೀನು ಆ ಬೆಳಿಗ್ಗೆಯೇ ಯಾಕೆ ಸತ್ತವು ಎಂಬುದನ್ನು ಯಾವುದೋ ಒಂದಕ್ಕೆ ಗಂಟು ಹಾಕಲಾರೆ ಎಂದೂ ಬರೆದೆ. ತಿಂಗಳುಗಳ ಕಾಲ ಈ ನೀರು ಕುಡಿದು ಪಾಚಿ ಕೊಬ್ಬಿತ್ತು. ಮಳೆಯ ನೀರು ಹಾಸಿನಲ್ಲಿದ್ದ ಗೊಬ್ಬರವನ್ನೂ ತೊಳೆದು ತಂದಿತು. ಮೋಡ ಕವಿದಾಗ ಬೆಳಕಿಲ್ಲದೆ ಪಾಚಿ ಆಮ್ಲಜನಕ ಕೊಡುವುದು ನಿಂತು, ಇದ್ದದ್ದನ್ನೂ ಉಸಿರಾಡಿ ಮುಗಿಸಿತು. ಗೊಬ್ಬರ ಹಾಕದೆ ಇದ್ದಿದ್ದರೂ ಆ ಕೆರೆಯಲ್ಲಿ ಅಂಥದೊಂದು ಬೆಳಿಗ್ಗೆ ಬರುವುದಿತ್ತು. ಹಾಸು ಕೆಲಸ ಮಾಡಿಲ್ಲ, ಏಕೆಂದರೆ ಅದಕ್ಕೆ ನೀರನ್ನೇ ಬಿಟ್ಟಿಲ್ಲ. ಕೆಲಸ ಮಾಡುತ್ತಿದೆ ಎಂದು ಬರೆದುಕೊಡಲಾರೆ. ಬೈಪಾಸ್ ಮುಚ್ಚಿ, ಗೊಬ್ಬರ ನಿಲ್ಲಿಸಿ, ಒಂದು ಮಳೆಗಾಲ ನೋಡಿ, ಎರಡನೆಯ ಹಂತದ ನೀರಿಗೆ ಇನ್ನೊಂದು ಹಾಸು ಕಟ್ಟುವವರೆಗೆ ಆ ಟವರ್‌ಗಳಿಗೆ ಜನ ಬರಬಾರದು. ಇಷ್ಟನ್ನು ಬರೆದು, ಬಿಲ್ಡರ್‌ಗೂ ಸಂಘಕ್ಕೂ ಷರತ್ತು ಹಾಕಿದ ಅಧಿಕಾರಿಗಳಿಗೂ ಒಟ್ಟಿಗೇ ಕಳಿಸಿದೆ. ಮೊದಲು ಬಿಲ್ಡರ್‌ಗೆ ಕಳಿಸಿ ಕಾಯುವುದು ನಮ್ಮಲ್ಲಿ ವಾಡಿಕೆ. ಕಾದರೆ ಏನಾಗುತ್ತದೆ ಎಂದು ಗೊತ್ತಿದ್ದರಿಂದ ಕಾಯಲಿಲ್ಲ.

ಮ್ಯಾನೇಜರ್ ಫೋನ್ ಮಾಡಿದ. ಕಿರುಚಲಿಲ್ಲ. "ಮೇಡಂ, ನೀವು ನಮ್ಮ ಕನ್ಸಲ್ಟೆಂಟು. ಕೆರೆಯ ಕನ್ಸಲ್ಟೆಂಟ್ ಅಲ್ಲ," ಎಂದ.

ಅಧಿಕಾರಿಗಳು ಬಂದರು, ಚೇಂಬರಿನ ಮುಚ್ಚಳ ಎತ್ತಿಸಿದರು, ವಾಲ್ವ್ ನೋಡಿದರು. ಬೈಪಾಸ್ ಮುಚ್ಚಿಸಿ ಅದರ ಚಕ್ರಕ್ಕೆ ಸರಪಣಿ ಸುತ್ತಿ ಮೊಹರು ಹಾಕಿದರು. ಎರಡನೆಯ ಹಂತದ ವಿಷಯ ಪರಿಶೀಲನೆಯಲ್ಲಿದೆ ಎಂದರು. ಶಿಕ್ಷೆ ಅಂತ ಆದದ್ದು ತೋಟದವರಿಗೆ, ಅದರಲ್ಲೂ ಮೇಸ್ತ್ರಿಗೆ. ಹೇಳಿದ ಕೆಲಸವನ್ನು ಹೇಳಿದಂತೆ ಮಾಡಿದವನಿಗೆ. ಅವನನ್ನು ವಾಪಸು ತೆಗೆದುಕೊಳ್ಳಿ ಎಂದು ಸಂಘಕ್ಕೆ ಬರೆದೆ. ಉತ್ತರ ಬರಲಿಲ್ಲ. ನನ್ನ ಕೆಲಸವೂ ಅಲ್ಲಿಗೆ ಮುಗಿಯಿತು. ಕಾರ್ಯದರ್ಶಿ ಮಾತ್ರ, ಸಂಘದ ಖರ್ಚಿನಲ್ಲಿ ಮಾದರಿ ತೆಗೆದುಕೊಂಡು ಹೋಗುತ್ತಿರಿ ಎಂದರು. ಚೇಂಬರಿನ ಬೀಗದ ಕೈ ಈಗ ಅವರ ಜೇಬಿನಲ್ಲಿ, ಪೆನ್ನಿನ ಪಕ್ಕದಲ್ಲಿರುತ್ತದೆ. ವಾಸನೆ ಬಂದಾಗಲೆಲ್ಲ ಕೆರೆ ಕಡೆಯ ಬ್ಲಾಕಿನವರು ಅವರನ್ನು ಬೈಯುತ್ತಾರೆ.

ಮಳೆಗಾಲ ಅರ್ಧ ಕಳೆದಿತ್ತು. ಮಾದರಿಗೆಂದು ಹೋದವಳಿಗೆ ಹಾಸಿನ ಗುರುತೇ ಸಿಗಲಿಲ್ಲ. ಕ್ಯಾನಾ ಆಳೆತ್ತರ ಎದ್ದು, ಕಡುಹಸಿರು ಎಲೆ ಬಿಚ್ಚಿ ನಿಂತಿತ್ತು. ಕೊನೆಯ ಪೈಪಿನಲ್ಲಿ ತುಂಬು ನೀರು ಬೀಳುತ್ತಿತ್ತು. ಅದು ಬೀಳುವ ಗುಂಡಿಯಲ್ಲಿ ಮೀನಿನ ಹೆಂಗಸು ಪುಟ್ಟದೊಂದು ಬಲೆಯ ಚೀಲ ಕಟ್ಟಿ, ಬದುಕುತ್ತವೆಯೋ ನೋಡಲು ಒಂದು ಹಿಡಿ ಮರಿಗಳನ್ನು ಬಿಟ್ಟಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ನನ್ನ ಬಾಟಲಿಗಳ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ, ಅಷ್ಟೇ.

ಬೇಲಿಯಾಚೆ ವಾಕಿಂಗ್ ಬಂದಿದ್ದ ಒಬ್ಬರು ನಿಂತರು. "ಸಕ್ಕತ್ತಾಗಿ ಬಂದಿದೆಯಲ್ಲಾ! ಯಾವ ಗೊಬ್ಬರ ಹಾಕ್ತೀರಾ?"

"ನಿಮ್ದೇ ಸಾರ್," ಎಂದಳು ಅವಳು, ತಲೆ ಎತ್ತದೆ.

ಅವರು ಬೇಲಿ ಬಿಟ್ಟು ಮುಂದೆ ನಡೆದರು.

ಅವಳು ಬಲೆಯನ್ನು ಎತ್ತಿದಳು. ಮರಿಗಳು ಪಟಪಟ ಹಾರಿದವು. ಬಲೆಯನ್ನು ಮತ್ತೆ ನೀರಿಗಿಳಿಸಿ ನನ್ನ ಕಡೆ ತಿರುಗಿದಳು. "ಈವಾಗ ಯೋಳಿ. ಬಿಡ್ಲಾ ಕೆರೆಗೆ?"

"ಈ ವರ್ಷ ಬೇಡ," ಎಂದೆ. "ಈ ಬಾಯಿಂದ ಬರೋ ನೀರು ಸರಿ ಇದೆ. ಆದ್ರೆ ಮೊದಲು ಬಿಟ್ಟಿದ್ದೆಲ್ಲಾ ಕೆರೆ ತಳದಲ್ಲಿ ಕೂತಿದೆ. ಬೇಸಿಗೆಗೆ ಅದು ಮತ್ತೆ ಮೇಲೆ ಬರುತ್ತೆ."

"ಬರೋ ವರ್ಸ?"

"ಇನ್ನೇನೂ ಹೊಸದಾಗಿ ಸೇರದೆ ಇದ್ರೆ, ಬಿಡಬಹುದು."

ಅವಳು ತಲೆಯಾಡಿಸಿ, ಬಲೆ ಬಿಚ್ಚಿ, ಮರಿಗಳನ್ನು ಬಿಂದಿಗೆಗೆ ಸುರಿದುಕೊಂಡಳು. ಇನ್ನೊಂದು ಕೆರೆಯಲ್ಲಿ ಅವಳ ನೆಂಟರದೊಂದು ಗುತ್ತಿಗೆ ಇದೆಯಂತೆ, ಅಲ್ಲಿಗೆ ಬಿಡುತ್ತಾಳಂತೆ. ಬಿಂದಿಗೆಯನ್ನು ಸೊಂಟಕ್ಕೇರಿಸಿದವಳು ಹಾಗೇ ನಿಂತು, ಗಲ್ಲದಿಂದ ಮೇಲೆ ತೋರಿಸಿದಳು.

"ಅದ್ಯಾವಾಗ ಬಂದ್ರು?"

ಎರಡನೆಯ ಹಂತದ ಟವರ್‌ನ ಹಸಿರು ಪರದೆ ಒಂದು ಕಡೆ ತೆರೆದಿತ್ತು. ಮೇಲಿನ ಮಹಡಿಯ ಬಾಲ್ಕನಿಯೊಂದರಲ್ಲಿ ಬಟ್ಟೆ ಒಣಹಾಕಿದ್ದರು. ಕಟ್ಟಡದ ಕೆಲಸದವರದ್ದೂ ಇರಬಹುದು ಎಂದು ನೋಡಿದೆ, ನಿಧಾನವಾಗಿ ನೋಡಿದೆ. ಒಂದು ಸೀರೆ. ಎರಡು ದಿಂಬಿನ ಚೀಲ. ಶಾಲೆಯ ಸಮವಸ್ತ್ರ, ಟೈ ಸಮೇತ. ಪಕ್ಕದಲ್ಲಿ ಕುಂಡದಲ್ಲಿ ತುಳಸಿ.

ಐಸ್ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಬೀಗದ ಕೈ ತನ್ನಿ ಎಂದು ಕಾರ್ಯದರ್ಶಿಗೆ ಫೋನ್ ಮಾಡಿ, ಬೈಪಾಸಿನ ಮೊಹರು ಇದೆಯೋ ಇಲ್ಲವೋ ನೋಡಲು ಚೇಂಬರಿನ ಕಡೆಗೆ ನಡೆದೆ. ಅವಳೂ ಬಿಂದಿಗೆ ಹೊತ್ತು ಹಿಂದೆಯೇ ಬಂದಳು.